ಎರಡು ಸಿ.ಬಿ. ಸೆಟ್‌ಗಳು, ಒಂದು ಮೇಜು: ಮಾರ್ಪಾಡು ಹವ್ಯಾಸದ ಒಂದು ಪ್ರಕರಣ

ಸಿ.ಬಿ. ಎಂದರೆ ಸಿಟಿಜನ್ ಬ್ಯಾಂಡ್, ಜನಸಾಮಾನ್ಯರು ಪರಸ್ಪರ ಮಾತಾಡಲು ಬಳಸುವ ರೇಡಿಯೊ. ಅಂಥ ಎರಡು ಸೆಟ್‌ಗಳನ್ನು ಹವ್ಯಾಸಕ್ಕಾಗಿ ಮಾರ್ಪಡಿಸಿದ ಈ ಪ್ರಕರಣ ನಡೆದದ್ದು ಬೆಂಗಳೂರಿನ ಪೂರ್ವ ಭಾಗದ ಒಂದು ಮನೆಯ ಮಹಡಿ ಕೋಣೆಯಲ್ಲಿ, ಸುಮಾರು ಹನ್ನೊಂದು ತಿಂಗಳ ಅವಧಿಯಲ್ಲಿ. ಸಂಬಂಧಪಟ್ಟ ಇಬ್ಬರೂ ಬರೆಯಲು ಒಪ್ಪಿದ್ದಾರೆ. ಆದರೂ ಅವರ ಹೆಸರು, ಕರೆಸಂಕೇತ ಮತ್ತು ಸೆಟ್‌ಗಳ ಮಾದರಿಯನ್ನು ಬಿಟ್ಟಿದ್ದೇನೆ. ಗುರುತು ಹಿಡಿಸಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹಿರಿಯರನ್ನು ರಾಯರು ಎಂದೂ ಅವರ ಅಣ್ಣನ ಮಗನನ್ನು ಹುಡುಗ ಎಂದೂ ಕರೆಯುತ್ತೇನೆ. ಹುಡುಗನಿಗೆ ಮೂವತ್ತನಾಲ್ಕು ದಾಟಿದೆ, ಆದರೆ ಚಿಕ್ಕಪ್ಪನ ಮೇಜಿನ ಮುಂದೆ ಕೂತಾಗ ಅವನು ಹುಡುಗನೇ. ಅಳತೆಯ ಉಪಕರಣಗಳನ್ನು ಒದಗಿಸಿದವನು ನಾನು. ಕೆಲವು ತೀರ್ಮಾನಗಳಲ್ಲಿ ಪಾಲುದಾರನೂ ಹೌದು, ಅವುಗಳಲ್ಲಿ ಒಂದು ತಪ್ಪು ನನ್ನದೇ.

ಹಿನ್ನೆಲೆ

ರಾಯರು ನಗರದ ಒಂದು ಸಾರ್ವಜನಿಕ ವಲಯದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತರಾದವರು. ಜನರಲ್ ದರ್ಜೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಅವರ ಬಳಿ ಇದೆ. ಹುಡುಗ ಸಾಫ್ಟ್‌ವೇರ್ ಕೆಲಸದ ಮೇಲೆ ಕೆಲವು ವರ್ಷ ಅಮೆರಿಕದಲ್ಲಿದ್ದು, ಹಿಂದಿರುಗುವಾಗ ಎರಡು ಸೆಟ್ ತಂದ. ಒಂದು, ಯಾರದೋ ಗ್ಯಾರೇಜಿನ ಹಳೆಯ ಸಾಮಾನು ಮಾರಾಟದಲ್ಲಿ ಸಿಕ್ಕ, ತೈವಾನಿನಲ್ಲಿ ತಯಾರಾದ, 1980ರ ದಶಕದ 40 ಚಾನೆಲ್‌ಗಳ ಎ.ಎಂ. ಮತ್ತು ಸೈಡ್‌ಬ್ಯಾಂಡ್ ಎಂಬ ಎರಡು ಪ್ರಸಾರ ವಿಧಾನಗಳ ಸಿ.ಬಿ. ಸೆಟ್, ಆನ್ ಆಗುತ್ತಿತ್ತು, ಕೇಳಿಸುತ್ತಿತ್ತು, ಆದರೆ ಪ್ರಸಾರ ಮಾಡುತ್ತಿರಲಿಲ್ಲ. ಇನ್ನೊಂದು, ಹತ್ತು ಮೀಟರ್ ಹ್ಯಾಮ್ ಸೆಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ, ಒಳಗೆ ಸಿ.ಬಿ. ಮನೆತನದ್ದೇ ಆದ, ಚೀನಾದಲ್ಲಿ ತಯಾರಾದ ಹೊಸ ಸೆಟ್. ಹುಡುಗ ಆಗ ಹ್ಯಾಮ್ ಪರೀಕ್ಷೆ ಮುಗಿಸಿ ಪರವಾನಗಿಯ ದಾರಿ ಕಾಯುತ್ತಿದ್ದ.

ಈ ಎರಡು ಸೆಟ್‌ಗಳ ನಡುವಿನ ನಾಲ್ಕು ದಶಕಗಳಲ್ಲಿ ಕಾರ್ಖಾನೆಗಳ ಕೆಲಸದ ರೀತಿ ಹೇಗೆ ಬದಲಾಯಿತು ಎಂಬುದನ್ನು ಹೇಳದೆ ಮುಂದಿನ ಘಟನೆಗಳು ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ 27 ಮೆಗಾಹರ್ಟ್ಸ್ ಆಸುಪಾಸಿನ ಸಿ.ಬಿ. ಸೇವೆ ಆರಂಭವಾದದ್ದು 1958ರಲ್ಲಿ. ಮೊದಲ ಸೆಟ್‌ಗಳಿಗೆ 23 ಚಾನೆಲ್ ಇದ್ದವು, ಚಾನೆಲ್‌ಗಳನ್ನು ತಲಾ ಒಂದು ನಿಶ್ಚಿತ ಆವರ್ತನದಲ್ಲಿ ಕಂಪಿಸುವ ಕ್ರಿಸ್ಟಲ್‌ಗಳು ಹುಟ್ಟಿಸುತ್ತಿದ್ದವು. ಪ್ರತಿ ಚಾನೆಲ್‌ಗೂ ಪ್ರತ್ಯೇಕ ಕ್ರಿಸ್ಟಲ್ ಹಾಕಿದರೆ ದುಬಾರಿಯಾಗುವುದರಿಂದ, ಆರು ಕ್ರಿಸ್ಟಲ್‌ಗಳ ಒಂದು ಗುಂಪನ್ನು ನಾಲ್ಕರ ಇನ್ನೊಂದು ಗುಂಪಿನೊಡನೆ ಬೆರೆಸುವ ಉಪಾಯ ಬಳಕೆಗೆ ಬಂತು. ಆರು ನಾಲ್ಕಲಿ ಇಪ್ಪತ್ತನಾಲ್ಕು, ಬೇಕಾದದ್ದು ಇಪ್ಪತ್ತಮೂರು. ಮಿಕ್ಕ ಆ ಒಂದು ಜೋಡಣೆಯನ್ನು ಸ್ವಿಚ್ಚಿನ ಖಾಲಿ ಜಾಗಕ್ಕೆ ತಂತಿ ಎಳೆದು ಬಳಸಿಕೊಂಡವರೇ ಈ ಹವ್ಯಾಸದ ಮೂಲಪುರುಷರು ಎಂದರೆ ಹೆಚ್ಚೇನೂ ತಪ್ಪಾಗಲಾರದು.

1977ರ ಜನವರಿ 1ರಿಂದ ಚಾನೆಲ್‌ಗಳು 40 ಆದವು, 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ. ಕ್ರಿಸ್ಟಲ್ ಗುಂಪಿನ ಜಾಗಕ್ಕೆ ಪಿ.ಎಲ್.ಎಲ್. ಚಿಪ್ ಬಂತು: 10.240 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್ಲನ್ನು 1024ರಿಂದ ಭಾಗಿಸಿ 10 ಕಿಲೋಹರ್ಟ್ಸ್‌ನ ಹೆಜ್ಜೆ ಮಾಡಿಕೊಂಡು, ಆ ಹೆಜ್ಜೆಗಳಲ್ಲಿ ಎಲ್ಲ ಚಾನೆಲ್‌ಗಳನ್ನೂ ಎಣಿಸುವ ವ್ಯವಸ್ಥೆ. ಎಂಬಿ8719ರಂತಹ ಮೊದಲ ತಲೆಮಾರಿನ ಚಿಪ್‌ಗಳಲ್ಲಿ ಒಂದೆರಡು ಕಾಲುಗಳ ವೋಲ್ಟೇಜ್ ಬದಲಿಸಿದರೆ ಎಣಿಕೆ ಗೆರೆ ದಾಟಿ ಮುಂದೆ ಹೋಗುತ್ತಿತ್ತು. ಇದನ್ನು ತಡೆಯಬೇಕೆಂಬ ಒತ್ತಡ ಅಮೆರಿಕದ ನಿಯಂತ್ರಕರಿಂದ ಬಂದ ಮೇಲೆ, ಎಲ್‌ಸಿ7132ರಂತಹ ಚಿಪ್‌ಗಳು ನಲವತ್ತು ಚಾನೆಲ್‌ಗಳ ಪಟ್ಟಿಯನ್ನು ಒಳಗೇ ಅಚ್ಚೊತ್ತಿಕೊಂಡು ಹುಟ್ಟಿದವು. ನಲವತ್ತೊಂದನೆಯದನ್ನು ಕೇಳಿದರೆ ಅವಕ್ಕೆ ಅರ್ಥವೇ ಆಗುವುದಿಲ್ಲ. ತಯಾರಿಕೆಯೂ ಈ ನಡುವೆ ಜಪಾನಿನಿಂದ ತೈವಾನಿಗೆ, ಅಲ್ಲಿಂದ ಫಿಲಿಪೀನ್ಸ್, ಮಲೇಷ್ಯಾ, ಚೀನಾಗಳಿಗೆ ಕೂಲಿಯ ದರವನ್ನು ಹಿಂಬಾಲಿಸಿ ಹೋಯಿತು. ಒಂದೇ ಬೋರ್ಡನ್ನು ಹಲವು ದೇಶಗಳ ಮಾರುಕಟ್ಟೆಗೆ ತಯಾರಿಸಿ, ಆಯಾ ದೇಶಕ್ಕೆ ಬೇಡದ ಭಾಗವನ್ನು ಜೋಡಿಸದೆ ಬಿಡುವುದು ಅಥವಾ ಒಂದು ಜಂಪರ್ ತಂತಿ ಹಾಕುವುದು ಕಾರ್ಖಾನೆಗೆ ಅಗ್ಗ. ಹವ್ಯಾಸಿಗಳು 'ಮಾಡ್' ಎನ್ನುವುದರ ದೊಡ್ಡ ಪಾಲು ಹೊಸ ಆವಿಷ್ಕಾರವೇನಲ್ಲ. ಕಾರ್ಖಾನೆ ತನ್ನ ಉಳಿತಾಯಕ್ಕಾಗಿ ಬಿಟ್ಟ ಬಾಗಿಲನ್ನು ದೂಡುವುದಷ್ಟೇ.

ಸಮಸ್ಯೆ

ಇಬ್ಬರ ಬೇಡಿಕೆಯೂ ಬೇರೆಯಾಗಿತ್ತು. ರಾಯರಿಗೆ ಹಳೆಯ ಸೆಟ್ಟನ್ನು ಬದುಕಿಸಿ, 28.4 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸೈಡ್‌ಬ್ಯಾಂಡ್ ಮಾತಿಗೆ ಒಗ್ಗಿಸಬೇಕಿತ್ತು, 28ರಿಂದ 29.7 ಮೆಗಾಹರ್ಟ್ಸ್‌ವರೆಗಿನ ಹತ್ತು ಮೀಟರ್ ಪಟ್ಟಿ (ಬ್ಯಾಂಡ್) ಅವರ ಪರವಾನಗಿಯೊಳಗಿದೆ, ಸೂರ್ಯನ ಕಲೆಗಳ ಚಕ್ರ ಏರುಗತಿಯಲ್ಲಿದ್ದುದರಿಂದ ಆ ಪಟ್ಟಿ ಹಗಲಿಡೀ ತೆರೆದಿರುತ್ತಿತ್ತು, ಎಂದರೆ ದೂರದವರು ಸಿಗುತ್ತಿದ್ದರು. ಹುಡುಗನಿಗೆ ಎರಡೂ ಸೆಟ್ 'ಓಪನ್' ಆಗಬೇಕಿತ್ತು, ಎಂದರೆ 26ರಿಂದ 30 ಮೆಗಾಹರ್ಟ್ಸ್‌ವರೆಗೆ ಎಲ್ಲೆಂದರಲ್ಲಿ ಮಾತಾಡುವಂತಿರಬೇಕು, ಹೊಸದರ ವ್ಯಾಟ್ ಇನ್ನಷ್ಟು ಏರಬೇಕು.

ಮೊದಲ ತೀರ್ಮಾನ ಕಾನೂನಿನದು, ಮತ್ತು ಅದು ಅರ್ಧ ಗಂಟೆಯಲ್ಲಿ ಮುಗಿಯಿತು. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ಸಿಟಿಜನ್ ಬ್ಯಾಂಡ್ 26.957ರಿಂದ 27.283 ಮೆಗಾಹರ್ಟ್ಸ್ ಮಾತ್ರ. ಅದೂ ಗರಿಷ್ಠ 5 ವ್ಯಾಟ್, ಉಪಕರಣದಲ್ಲೇ ಅಡಕವಾದ ಆಂಟೆನಾದೊಂದಿಗೆ. ಅಮೆರಿಕದ ನಲವತ್ತು ಚಾನೆಲ್‌ಗಳಲ್ಲಿ ಇಪ್ಪತ್ತೇಳು ಮಾತ್ರ ಈ ಗೆರೆಯೊಳಗೆ ಬರುತ್ತವೆ. ಇಪ್ಪತ್ತೆಂಟನೆಯದರ ಕೇಂದ್ರ 27.285, ಎರಡೇ ಕಿಲೋಹರ್ಟ್ಸ್ ಆಚೆ. ಸೈಡ್‌ಬ್ಯಾಂಡ್‌ನಲ್ಲಿ ಅಮೆರಿಕ ಒಪ್ಪುವ 12 ವ್ಯಾಟ್ ಇಲ್ಲಿ ಸಲ್ಲದು, ಮಹಡಿಯ ಮೇಲಿನ ಕಂಬದ ಆಂಟೆನಾವೂ ಸಲ್ಲದು. ಹೀಗಾಗಿ ಹಳೆಯ ಸೆಟ್ ಮಾರ್ಪಡಿಸದೆ ಇಟ್ಟುಕೊಂಡರೂ ಸಿ.ಬಿ. ಆಗಿ ಇಲ್ಲಿ ಬಳಸುವಂತಿರಲಿಲ್ಲ. ಹ್ಯಾಮ್ ಪಟ್ಟಿಗೆ ಸಂಪೂರ್ಣವಾಗಿ ಸ್ಥಳಾಂತರಿಸುವುದೊಂದೇ ಸರಿಯಾದ ದಾರಿ ಎಂದು ರಾಯರು ಹೇಳಿದರು. 'ಕೇಳೋಕೆ ಅಡ್ಡಿ ಇಲ್ಲವಲ್ಲ ಚಿಕ್ಕಪ್ಪ' ಎಂದ ಹುಡುಗ. 'ಕೇಳೋಕೆ ಅಂತ ಬಾಗಿಲು ತೆಗೆದವರು ಮಾತಾಡದೆ ಇದ್ದದ್ದನ್ನ ನಾನು ನೋಡಿಲ್ಲ ಕಣೋ' ಎಂದರು ರಾಯರು. ಹುಡುಗ ಒಪ್ಪಿದಂತೆ ಕಂಡ. ಹಳೆಯ ಸೆಟ್ಟಿನ ವಿಷಯದಲ್ಲಿ ನಿಜಕ್ಕೂ ಒಪ್ಪಿದ್ದ.

ಹಳೆಯ ಸೆಟ್ಟಿನ ಮೇಲೆ ನಡೆದ ಕೆಲಸ

ಮುಚ್ಚಳ ತೆಗೆಯುವ ಮೊದಲೇ ರಾಯರು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಪೂರ್ವಸ್ಥಿತಿ' ಎಂದು ಬರೆದು ಗೆರೆ ಎಳೆದರು. ಕಾರ್ಖಾನೆಯ ಅಭ್ಯಾಸ. ಆನ್ ಮಾಡಿದಾಗ ಎಳೆಯುವ ಕರೆಂಟು, ಪ್ರತಿ ಹಂತದ ವೋಲ್ಟೇಜ್, ಪ್ರತಿ ಕಾಯಿಲ್‌ನ ಒಳಗಿನ ತಿರುಪು ಯಾವ ದಿಕ್ಕಿಗೆ ನಿಂತಿದೆ ಎಂಬುದರ ಚಿತ್ರ, ಎಲ್ಲವೂ ಅಲ್ಲಿ ಸೇರಿದವು. ತೈವಾನಿನ ಆ ಕಾರ್ಖಾನೆಯಲ್ಲಿ ಯಾರೋ ಈ ತಿರುಪುಗಳನ್ನು ಒಂದೊಂದಾಗಿ ತಿರುಗಿಸಿ, ಸರಿಹೊಂದಿದ ಜಾಗದಲ್ಲಿ ಮೇಣ ಸುರಿದು ಹೋಗಿದ್ದರು. ನಲವತ್ತು ವರ್ಷದ ಮೇಲೆಯೂ ಆ ಮೇಣ ಹಾಗೇ ಇತ್ತು.

ಒಣಗಿದ ಎಲೆಕ್ಟ್ರೋಲಿಟಿಕ್ ಕಪ್ಯಾಸಿಟರ್‌ಗಳನ್ನು ಬದಲಿಸಿದ್ದು ಒಂದು ಸಂಜೆಯ ಕೆಲಸ. ನಿಜವಾದ ತೊಡಕು ಪ್ರಸಾರಕ್ಕೆ ಶಕ್ತಿ ತುಂಬುವ ಕೊನೆಯ ಹಂತದ ಟ್ರಾನ್ಸಿಸ್ಟರ್‌ನದು, ಹವ್ಯಾಸಿಗಳ ಮಾತಿನಲ್ಲಿ ಫೈನಲ್. ಈ ಸೆಟ್ಟಿನಲ್ಲಿದ್ದದ್ದು ಮಿತ್ಸುಬಿಷಿ ತಯಾರಿಸುತ್ತಿದ್ದ 2ಎಸ್‌ಸಿ1969. 27 ಮೆಗಾಹರ್ಟ್ಸ್‌ನಲ್ಲಿ 12 ವೋಲ್ಟಿಗೆ 16 ವ್ಯಾಟ್ ಕೊಡಬಲ್ಲ ಆ ಭಾಗ ದಶಕಗಳ ಕಾಲ ಅಸಂಖ್ಯ ಸಿ.ಬಿ. ಸೆಟ್‌ಗಳಲ್ಲಿ ದುಡಿದು, ಈಗ ತಯಾರಿಕೆ ನಿಂತಿದೆ. ತಯಾರಿಕೆ ನಿಂತ ಭಾಗಕ್ಕೆ ಬೇಡಿಕೆ ಉಳಿದರೆ ಏನಾಗುತ್ತದೆ ಎಂಬುದು ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ನಾಲ್ಕು ದಿನ ಅಲೆದವರಿಗೆಲ್ಲ ಗೊತ್ತು. ಮೂರನೆಯ ಅಂಗಡಿಯಲ್ಲಿ ನಾಲ್ಕು ಸಿಕ್ಕವು. ನಾನು ಅವುಗಳನ್ನು ನನ್ನ ಪುಟ್ಟ ಕಾಂಪೊನೆಂಟ್ ಟೆಸ್ಟರ್‌ಗೆ ಸಿಕ್ಕಿಸಿ, ಗೇನ್ (ವರ್ಧನೆ) ಸರಿಯಾಗಿದೆ, ಕಾಲುಗಳ ಕ್ರಮ ಸರಿಯಾಗಿದೆ, ಹಾಕಬಹುದು ಎಂದೆ. ಮೇಲೆ ಹೇಳಿದ ನನ್ನ ತಪ್ಪು ಇದೇ. ಆ ಟೆಸ್ಟರ್ ಡಿ.ಸಿ.ಯಲ್ಲಿ (ನೇರ ವಿದ್ಯುತ್ತಿನಲ್ಲಿ) ಅಳೆಯುತ್ತದೆ, ಟ್ರಾನ್ಸಿಸ್ಟರ್ 27 ಮೆಗಾಹರ್ಟ್ಸ್‌ನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಅದು ಹೇಳಲಾರದು. ಹಾಕಿ ಡಮ್ಮಿ ಲೋಡಿಗೆ (ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ ರೆಸಿಸ್ಟರ್) ಪ್ರಸಾರ ಮಾಡಿದಾಗ ಮೂರು ವ್ಯಾಟ್ ಬಂದು, ಅರ್ಧ ನಿಮಿಷದಲ್ಲಿ ಮುಟ್ಟಲಾಗದಷ್ಟು ಬಿಸಿಯಾಯಿತು. ಎರಡನೆಯದೂ ಹಾಗೆಯೇ.

ರಾಯರು ಮೂರನೆಯದನ್ನು ಹಾಕಲಿಲ್ಲ. ಅಸಿಟೋನ್ ಹಚ್ಚಿದ ಹತ್ತಿಯಿಂದ ಮೇಲಿನ ಅಕ್ಷರ ಉಜ್ಜಿದರು. ಅದರಡಿಯಲ್ಲಿ ಇನ್ನೊಂದು ಅಳಿಸಿದ ಗುರುತಿನ ನೆರಳು ಕಂಡಿತು. ಆಮೇಲೆ ಅದನ್ನು ವೈಸಿನಲ್ಲಿ ಹಿಡಿದು ಗರಗಸದಿಂದ ಸೀಳಿದರು. ಸತ್ತ ಮೂಲ ಫೈನಲ್ಲನ್ನೂ ಸೀಳಿ ಪಕ್ಕದಲ್ಲಿಟ್ಟಾಗ ವಿವರಣೆ ಬೇಕಾಗಲಿಲ್ಲ: ಮೂಲದ ಸಿಲಿಕಾನ್ ತುಂಡು ಹೆಸರುಕಾಳಿನಷ್ಟಿದ್ದರೆ, ಹೊಸದರದ್ದು ಸಾಸಿವೆಯಷ್ಟಿತ್ತು. ಯಾವುದೋ ಆಡಿಯೊ ಟ್ರಾನ್ಸಿಸ್ಟರ್‌ಗೆ ಬೇರೆ ಹೆಸರು ಬರೆದು ಮಾರಿದ್ದರು. ಅಂಗಡಿಯವರೂ ಅದನ್ನು ಪೊಟ್ಟಣದಲ್ಲಿ ಕೊಂಡವರೇ ಇರಬೇಕು. ಉಳಿದ ಒಂದರ ಹಣವನ್ನು ಮಾತಿಲ್ಲದೆ ವಾಪಸು ಕೊಟ್ಟರು.

ಇಲ್ಲಿ ಎರಡು ದಾರಿಗಳಿದ್ದವು. ಹಳೆಯ ಸೆಟ್‌ಗಳನ್ನು ಕಳಚಿ ಮಾರುವವರಿಂದ ಅಸಲಿ 2ಎಸ್‌ಸಿ1969 ಹುಡುಕುವುದು ಒಂದು. ಕಾರ್ಖಾನೆಗಳು ಮಾಡಿದಂತೆ ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್‌ಗೆ ಬದಲಾಗುವುದು ಇನ್ನೊಂದು. ಇಂದಿನ ಸಿ.ಬಿ. ತಯಾರಕರು ಐಆರ್‌ಎಫ್520ರಂತಹ, ಮೂಲತಃ ಪವರ್ ಸಪ್ಲೈಗಳಲ್ಲಿ ಸ್ವಿಚ್ಚಿನ ಕೆಲಸಕ್ಕೆ ಹುಟ್ಟಿದ ಅಗ್ಗದ ಮಾಸ್‌ಫೆಟ್‌ಗಳನ್ನು ಪ್ರಸಾರಕ್ಕೆ ದುಡಿಸುತ್ತಾರೆ, ಅಸಲಿ ಆರ್.ಎಫ್. (ರೇಡಿಯೊ ಆವರ್ತನ) ಟ್ರಾನ್ಸಿಸ್ಟರ್‌ಗಳು ಮರೆಯಾದ ಮೇಲೆ ಹುಟ್ಟಿಕೊಂಡ ಪದ್ಧತಿ ಅದು. ರಾಯರು ಆರಿಸಿದ್ದು ಅದಕ್ಕಿಂತ ಉತ್ತಮವಾದ, ಆರ್.ಎಫ್.ಗೆಂದೇ ಮಾಡಿದ ಆರ್‌ಡಿ16ಎಚ್‌ಎಚ್‌ಎಫ್1. 30 ಮೆಗಾಹರ್ಟ್ಸ್‌ನಲ್ಲಿ 12.5 ವೋಲ್ಟಿಗೆ 16 ವ್ಯಾಟ್. ಅಧಿಕೃತ ವಿತರಕರಿಂದ, ಬಿಲ್ಲಿನೊಂದಿಗೆ, ಒಂದು ತಿಂಗಳು ಕಾದು ತರಿಸಿದರು.

ಆದರೆ ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುವ ಹಾಗಿಲ್ಲ. 2ಎಸ್‌ಸಿ1969ರ ನಡುವಿನ ಕಾಲು ಕಲೆಕ್ಟರ್ (ಶಕ್ತಿ ಹೊರಬರುವ ಕಾಲು), ಲೋಹದ ಬೆನ್ನೂ ಕಲೆಕ್ಟರ್. ಅದಕ್ಕೇ ಬೆನ್ನಿಗೂ ಚಾಸಿಗೂ ನಡುವೆ ಅಭ್ರಕದ ಹಾಳೆ ಇರುತ್ತದೆ. (ನಮ್ಮೂರಿನ ಕಡೆ ಅಭ್ರಕಕ್ಕೆ ಕಾಗೆಬಂಗಾರ ಎನ್ನುತ್ತಾರೆ, ರಾಯರೂ ಹಾಗೆಯೇ ಕರೆಯುತ್ತಾರೆ.) ಹೊಸದರ ನಡುವಿನ ಕಾಲೂ ಬೆನ್ನೂ ಸೋರ್ಸ್, ಎಂದರೆ ನೆಲಕ್ಕೆ ಸೇರಬೇಕಾದದ್ದು. ಕಾಗೆಬಂಗಾರ ತೆಗೆದು ನೇರವಾಗಿ ಚಾಸಿಗೆ ಬಿಗಿಯಬಹುದು, ಶಾಖ ಇನ್ನೂ ಚೆನ್ನಾಗಿ ಇಳಿಯುತ್ತದೆ. ಆದರೆ ಬೋರ್ಡಿನ ಮೇಲಿನ ಎರಡು ದಾರಿಗಳನ್ನು ಕತ್ತರಿಸಿ ಅದಲುಬದಲು ಮಾಡಬೇಕು. ಹಳೆಯದಕ್ಕೆ ಬೇಸ್‌ನಲ್ಲಿ (ಸಂಕೇತ ಒಳಬರುವ ಕಾಲು) ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಬಯಾಸ್, ಎಂದರೆ ಕೆಲಸಕ್ಕೆ ಸಿದ್ಧವಾಗಿಡುವ ವೋಲ್ಟೇಜ್, ಸಾಕಿತ್ತು. ಇದಕ್ಕೆ ಹಲವು ವೋಲ್ಟ್ ಬೇಕು, ಅದಕ್ಕೊಂದು ಪುಟ್ಟ ರೆಗ್ಯುಲೇಟರ್ ಮತ್ತು ಪ್ರಿಸೆಟ್. ಅರ್ಧ ಆಂಪಿಯರ್ ವಿಶ್ರಾಂತಿ ಕರೆಂಟಿಗೆ ಹೊಂದಿಸಿದ ಕೂಡಲೇ, ಮೈಕಿನಲ್ಲಿ ಯಾರೂ ಮಾತಾಡದಿದ್ದರೂ ಪವರ್ ಮೀಟರಿನ ಮುಳ್ಳು ಎದ್ದು ನಿಂತಿತು. ಗೇನ್ ಹೆಚ್ಚಾದ ಹಂತ ತನ್ನಷ್ಟಕ್ಕೆ ತಾನೇ ಕೂಗತೊಡಗಿತ್ತು. ಡ್ರೇನ್‌ನಿಂದ (ಹೊರಬರುವ ಕಾಲು) ಗೇಟ್‌ಗೆ (ಒಳಬರುವ ಕಾಲು) ರೆಸಿಸ್ಟರ್ ಮತ್ತು ಕಪ್ಯಾಸಿಟರ್‌ನ ಹಿಮ್ಮಾಹಿತಿ ಕೊಟ್ಟು, ಗೇಟ್‌ಗೆ ಒಂದು ಹೊರೆ ರೆಸಿಸ್ಟರ್ ಹಾಕಿದ ಮೇಲೆ ಸುಮ್ಮನಾಯಿತು.

ಆವರ್ತನ ಬದಲಿಸುವ ಕೆಲಸ ಇದಕ್ಕಿಂತ ಸಲೀಸಾಗಿ ನಡೆಯಿತು. ಹಿಂದೆ ಬೇಕಾದ ಆವರ್ತನಕ್ಕೆ ಕ್ರಿಸ್ಟಲ್ ಮಾಡಿಸಿ ಹಾಕುತ್ತಿದ್ದರು. ಈಗ ಒಂದೇ ಒಂದು ಕ್ರಿಸ್ಟಲ್ ಮಾಡಿಕೊಡುವವರನ್ನು ಹುಡುಕುವುದೇ ಕಷ್ಟ. ಬದಲಿಗೆ ಎಸ್‌ಐ5351 ಎಂಬ ಚಿಪ್ ಇರುವ, ಹೆಬ್ಬೆರಳಿನಗಲದ ಮಾಡ್ಯೂಲ್ ಬಳಸಿದರು. ಇದರ ಪ್ರೋಗ್ರಾಮ್ ಬರೆದದ್ದು ಹುಡುಗ, ಒಂದೇ ರಾತ್ರಿಯಲ್ಲಿ. ಸೆಟ್ಟಿನ ಮಧ್ಯಂತರ ಆವರ್ತನ, ಎಂದರೆ ಒಳಗೆ ಸಂಕೇತವನ್ನು ಸಂಸ್ಕರಿಸುವ ಆವರ್ತನ, 7.8 ಮೆಗಾಹರ್ಟ್ಸ್, ಆದ್ದರಿಂದ 28.400ರಲ್ಲಿ ಮಾತಾಡಲು ಮಾಡ್ಯೂಲ್ 36.200 ಕೊಟ್ಟರೆ ಸರಿ (36.200ರಿಂದ 7.8 ಕಳೆದರೆ 28.400). ಹಳೆಯ ಪಿ.ಎಲ್.ಎಲ್. ಭಾಗವನ್ನು ಕೀಳದೆ, ಅದು ಆವರ್ತನಗಳನ್ನು ಬೆರೆಸುವ ಮಿಕ್ಸರ್‌ಗೆ ಸೇರುವ ಒಂದು ಕಪ್ಯಾಸಿಟರ್‌ನ ಒಂದು ಕಾಲನ್ನು ಮಾತ್ರ ಎತ್ತಿದರು, ಬೇಕೆಂದರೆ ಮತ್ತೆ ಇಳಿಸಿ ಬೆಸುಗೆ ಹಾಕಬಹುದು. ಮಾಡ್ಯೂಲಿನ ಅಲೆ ಚೌಕಾಕಾರದ್ದು, ಬಲವೂ ಹೆಚ್ಚು. ನಡುವೆ ಬಲ ತಗ್ಗಿಸುವ ಅಟೆನ್ಯುಯೇಟರ್ ಮತ್ತು ಫಿಲ್ಟರ್ ಇಟ್ಟರು. ಕೊನೆಗೆ ಮೇಣ ಕರಗಿಸಿ, ಬಿದಿರಿನ ಕಡ್ಡಿಯನ್ನು ತಿರುಪುಳಿಯಂತೆ ಚೂಪು ಮಾಡಿಕೊಂಡು, ಕಾಯಿಲ್‌ಗಳನ್ನು ಒಂದೊಂದಾಗಿ 28.4ಕ್ಕೆ ಹೊಂದಿಸಿದರು. ಉಕ್ಕಿನ ತಿರುಪುಳಿ ಫೆರೈಟನ್ನು ಒಡೆಯುತ್ತದೆ, ಅಳತೆಯನ್ನೂ ಕೆಡಿಸುತ್ತದೆ. ಹನ್ನೆರಡು ವ್ಯಾಟ್ ಬಂತು.

ಹೊಸ ಸೆಟ್ಟಿಗೆ ಆದದ್ದು

ಇಷ್ಟರಲ್ಲಿ ಹುಡುಗ ತನ್ನ ಮನೆಯಲ್ಲಿ ಹೊಸ ಸೆಟ್ಟನ್ನು ತೆರೆದಿದ್ದ. ಅದರೊಳಗೆ ನೋಡಿದರೆ ಹಳೆಯ ಹವ್ಯಾಸಿಗೆ ಗುರುತು ಸಿಗುವಂಥದ್ದು ಬಹಳ ಕಡಿಮೆ. ಎಳ್ಳಿನಷ್ಟು ಚಿಕ್ಕ ಭಾಗಗಳು ಬೋರ್ಡಿನ ಎರಡೂ ಮೈಯಲ್ಲಿ, ತಿರುಗಿಸಬೇಕಾದ ಕಾಯಿಲ್‌ಗಳು ಇಲ್ಲವೇ ಇಲ್ಲ ಎನ್ನುವಷ್ಟು. ಎಲ್ಲವನ್ನೂ ಒಂದು ಮೈಕ್ರೋಕಂಟ್ರೋಲರ್ ನಡೆಸುತ್ತದೆ. ಪಟ್ಟಿ ಬದಲಿಸಲು ತಂತಿ ಕತ್ತರಿಸಬೇಕಿಲ್ಲ, ಕೆಲವು ಗುಂಡಿಗಳನ್ನು ಒಟ್ಟಿಗೆ ಒತ್ತಿ ಆನ್ ಮಾಡಿದರೆ ಗುಪ್ತ ಮೆನು ತೆರೆಯುತ್ತದೆ. ಕಾರ್ಖಾನೆಯೇ ಬಿಟ್ಟ ಬಾಗಿಲು ಇಲ್ಲೂ ಇದೆ, ಈಗ ಅದು ತಂತಿಯ ರೂಪದಲ್ಲಿಲ್ಲ.

ಆ ಮೆನುವಿನಲ್ಲಿ ಆವರ್ತನದ ಮಿತಿಗಳಲ್ಲದೆ, ಪ್ರತಿ ಉಪಪಟ್ಟಿಗೂ ಪ್ರಸಾರ ಶಕ್ತಿ, ಎಫ್.ಎಂ. ವಿಚಲನೆ (ಧ್ವನಿಗೆ ಆವರ್ತನ ಎಷ್ಟು ಅಲುಗಬೇಕು ಎಂಬುದು), ಸಿಗ್ನಲ್ ಮೀಟರಿನ ಅಳತೆ ಎಂಬ ಹಲವು ಸಂಖ್ಯೆಗಳಿದ್ದವು. ಹುಡುಗ ಶಕ್ತಿಯ ಸಂಖ್ಯೆಗಳನ್ನು ಏರಿಸಿದ. ಮಾತು ಜೋರಾಗಲೆಂದು, ಧ್ವನಿಯ ಮಟ್ಟಕ್ಕೆ ಮಿತಿ ಹಾಕುವ ಎ.ಎಂ. ಲಿಮಿಟರ್‌ನ ದಾರಿಯ ಒಂದು ಚಿಕ್ಕ ರೆಸಿಸ್ಟರನ್ನು ತೆಗೆದ. ಹಳೆಯ ಸೆಟ್‌ಗಳಲ್ಲಿ ಲಿಮಿಟರ್ ಟ್ರಾನ್ಸಿಸ್ಟರ್ ಕತ್ತರಿಸುವುದು ದಶಕಗಳ ಖ್ಯಾತಿಯ ಮಾಡ್. ಅದನ್ನೇ ಇಲ್ಲಿ ಅನುಸರಿಸಿದ್ದ. ಮೊದಲ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಲಿಲ್ಲ. ಕಾರಣ ಕೇಳಿದಾಗ ಅವನು ಹೇಳಿದ್ದು ಅವನ ವೃತ್ತಿಗೆ ಸಹಜವಾದ ಮಾತು: 'ರಿಸೆಟ್ ಇದೆಯಲ್ಲ.'

ಡಮ್ಮಿ ಲೋಡಿನ ಮೇಲೆ ನಾಲ್ಕನೆಯ ದಿನ ಫೈನಲ್ ಜೋಡಿಯಲ್ಲಿ ಒಂದು ಮಾಸ್‌ಫೆಟ್ ಸುಟ್ಟಿತು. ಜೋಡಿಯನ್ನು ಬದಲಿಸುವುದು ಕಷ್ಟವಾಗಲಿಲ್ಲ. ಆಮೇಲೆ ರಿಸೆಟ್ ಒತ್ತಿದ. ಆ ಸೆಟ್ಟಿನ ರಿಸೆಟ್, ಕಾರ್ಖಾನೆಯ ಪರೀಕ್ಷಾ ಮೇಜಿನಲ್ಲಿ ಆ ಒಂದು ಸೆಟ್ಟಿಗಾಗಿ ಅಳೆದು ಬರೆದಿದ್ದ ಸಂಖ್ಯೆಗಳನ್ನು ಮರಳಿಸಲಿಲ್ಲ. ಎಲ್ಲ ಸೆಟ್‌ಗಳಿಗೂ ಸಮಾನವಾದ ಸಾಮಾನ್ಯ ಸಂಖ್ಯೆಗಳನ್ನು ತುಂಬಿತು. ಸೆಟ್ ಮಾತಾಡುತ್ತಿತ್ತು, ಆದರೆ ಪಟ್ಟಿಯ ಒಂದು ತುದಿಯಲ್ಲಿ ಎಂಟು ವ್ಯಾಟ್, ಇನ್ನೊಂದು ತುದಿಯಲ್ಲಿ ಮೂವತ್ತೈದು. ಅದೇ ಮಾದರಿ ಇರುವ ಇನ್ನೊಬ್ಬ ಹವ್ಯಾಸಿಯಿಂದ ಸಂಖ್ಯೆಗಳನ್ನು ತರಿಸಿ ತುಂಬಿದ್ದೂ ಆಯಿತು. ವ್ಯತ್ಯಾಸ ತುಸು ತಗ್ಗಿತು, ಹೋಗಲಿಲ್ಲ. ಒಂದೇ ಸಾಲಿನಲ್ಲಿ ಹುಟ್ಟಿದ ಎರಡು ಮಾಸ್‌ಫೆಟ್‌ಗಳೂ ಒಂದೇ ರೀತಿ ಇರುವುದಿಲ್ಲ, ಆ ಸಂಖ್ಯೆಗಳು ಇರುವುದೇ ಅದಕ್ಕಾಗಿ.

ತಿರುವು

ಒಂದು ಭಾನುವಾರ ಎರಡೂ ಸೆಟ್‌ಗಳನ್ನು ರಾಯರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಇದೆ ಎಂದು ತೋರಿಸುವ, ನನ್ನ ಟೈನಿಎಸ್‌ಎ ಎಂಬ ಕೈಗಾತ್ರದ ಸ್ಪೆಕ್ಟ್ರಮ್ ಅನಲೈಸರ್‌ಗೆ ಅಟೆನ್ಯುಯೇಟರ್ ಮೂಲಕ ಜೋಡಿಸಿದೆವು. ಅಲ್ಲಿಯವರೆಗೆ ಹಳೆಯ ಸೆಟ್ ಗೆದ್ದಿದೆ, ಹೊಸದು ಸೋತಿದೆ ಎಂಬ ಭಾವನೆ ಮೂವರಲ್ಲೂ ಇತ್ತು. ಪರದೆ ಬೇರೆಯದನ್ನು ತೋರಿಸಿತು.

ಹಳೆಯ ಸೆಟ್ಟಿನ ಎರಡನೆಯ ಹಾರ್ಮೋನಿಕ್ (ಮೂಲ ಆವರ್ತನದ ಎರಡರಷ್ಟರಲ್ಲಿ ಹೊಮ್ಮುವ ಬೇಡದ ಸಂಕೇತ) 56.8 ಮೆಗಾಹರ್ಟ್ಸ್‌ನಲ್ಲಿ, ಮೂಲಕ್ಕಿಂತ 34 ಡೆಸಿಬೆಲ್ ಮಾತ್ರ ಕೆಳಗಿತ್ತು. ನಾಲ್ಕನೆಯದು 113.6ರಲ್ಲಿ ಚಿಕ್ಕದಾಗಿಯಾದರೂ ಸ್ಪಷ್ಟವಾಗಿ ನಿಂತಿತ್ತು. 108ರಿಂದ 118 ಮೆಗಾಹರ್ಟ್ಸ್‌ವರೆಗಿನದು ವಿಮಾನಗಳಿಗೆ ದಿಕ್ಕು ತೋರಿಸುವ ವಿ.ಓ.ಆರ್. ಮತ್ತು ಇಳಿದಾರಿ ತೋರಿಸುವ ಸಂಕೇತಗಳ ಪಟ್ಟಿ. ರಾಯರ ಮಹಡಿಯಿಂದ ಎಚ್.ಎ.ಎಲ್. ವಿಮಾನ ನಿಲ್ದಾಣದ ಕಡೆಗೆ ಇಳಿಯುವ ವಿಮಾನಗಳು ಬರಿಗಣ್ಣಿಗೆ ಕಾಣುತ್ತವೆ. ರಾಯರು ಕಿಟಕಿಯ ಕಡೆ ಒಮ್ಮೆ ನೋಡಿ, ಸೆಟ್ಟಿನ ಸ್ವಿಚ್ ಆರಿಸಿದರು. ಮೂಲ ಸೆಟ್ಟಿನ ಫಿಲ್ಟರ್ ಹಳೆಯ ಬೈಪೋಲಾರ್ ಫೈನಲ್‌ಗೆ, ಅದರ ನಿರೋಧಕ್ಕೆ, 27 ಮೆಗಾಹರ್ಟ್ಸ್‌ಗೆ ಹೊಂದಿಸಿದ್ದು. ನಾವು ಮೂರನ್ನೂ ಬದಲಿಸಿ ಫಿಲ್ಟರನ್ನು ಮಾತ್ರ ಹಾಗೇ ಬಿಟ್ಟಿದ್ದೆವು. ವ್ಯಾಟ್ ಮೀಟರ್ ಇದನ್ನು ಹೇಳುವುದಿಲ್ಲ. ಎಲ್ಲ ಹಾರ್ಮೋನಿಕ್‌ಗಳನ್ನೂ ಕೂಡಿಸಿಕೊಂಡು ಒಂದು ಸಂತೋಷದ ಸಂಖ್ಯೆ ತೋರಿಸುತ್ತದೆ.

ಹೊಸ ಸೆಟ್ಟಿನ ಹಾರ್ಮೋನಿಕ್‌ಗಳು 60 ಡೆಸಿಬೆಲ್‌ಗಿಂತ ಕೆಳಗಿದ್ದವು. ಕಾರ್ಖಾನೆಯ ಫಿಲ್ಟರ್ ಚೊಕ್ಕವಾಗಿತ್ತು. ಆದರೆ ಎ.ಎಂ.ನಲ್ಲಿ ಹುಡುಗ 'ಹಲೋ' ಎಂದ ಕೂಡಲೇ ಸಿಗ್ನಲ್ ಎರಡೂ ಪಕ್ಕಕ್ಕೆ ಬಿರಿದು ಅಕ್ಕಪಕ್ಕದ ಎರಡೆರಡು ಚಾನೆಲ್‌ಗಳ ಮೇಲೆ ಹರಡಿತು. ಲಿಮಿಟರ್ ಇಲ್ಲದ ಧ್ವನಿ ವಾಹಕ ಅಲೆಯನ್ನು ಪೂರ್ತಿ ಕತ್ತರಿಸುತ್ತಿತ್ತು. 'ಇಷ್ಟು ದಿನ ಇದನ್ನ ಪಂಚ್ ಅಂತ ಅಂದ್ಕೊಂಡಿದ್ದೆ' ಎಂದ ಹುಡುಗ. ಅಲ್ಲಿಗೆ ವಾದ ಮುಗಿಯಿತು. ಅವನು ಅದೇ ಮಧ್ಯಾಹ್ನ ಭೂತಗನ್ನಡಿ ಹಿಡಿದು ಆ ರೆಸಿಸ್ಟರನ್ನು ಮತ್ತೆ ಅದರ ಜಾಗಕ್ಕೆ ಬೆಸೆದ.

ಫಲಿತಾಂಶ

ಹಳೆಯ ಸೆಟ್ಟಿಗೆ ಹಳದಿ ಬಣ್ಣದ ಟೊರಾಯ್ಡ್ ಉಂಗುರಗಳ ಮೇಲೆ ಸುತ್ತಿದ ಏಳು ಅಂಗಗಳ, ಮೇಲಿನ ಆವರ್ತನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರನ್ನು ತಗಡಿನ ಡಬ್ಬಿಯಲ್ಲಿ ಕಟ್ಟಿ ಜೋಡಿಸಿದರು. ಹನ್ನೆರಡು ವ್ಯಾಟ್ ಹತ್ತೂವರೆಗೆ ಇಳಿಯಿತು, ಎರಡನೆಯ ಹಾರ್ಮೋನಿಕ್ 60 ಡೆಸಿಬೆಲ್‌ನ ಕೆಳಗೆ ಹೋಯಿತು, 113.6ರಲ್ಲಿ ಉಪಕರಣದ ಸ್ವಂತ ಗದ್ದಲವಲ್ಲದೆ ಬೇರೇನೂ ಕಾಣಲಿಲ್ಲ. 

ಹೊಸ ಸೆಟ್ ಪೂರ್ತಿ ಮರಳಲಿಲ್ಲ. ಪಟ್ಟಿಯನ್ನು 28ರಿಂದ 29.7ಕ್ಕೆ ಮತ್ತೆ ಬಿಗಿಗೊಳಿಸಿ, ಉಪಪಟ್ಟಿ ಉಪಪಟ್ಟಿಯಾಗಿ ಶಕ್ತಿ ಅಳೆದು, ಎಲ್ಲೆಡೆ ಸುಮಾರು ಇಪ್ಪತ್ತು ವ್ಯಾಟ್ ಬರುವಂತೆ ಹುಡುಗ ಸಂಖ್ಯೆಗಳನ್ನು ಹೊಸದಾಗಿ ಬರೆದ. ಎರಡು ವಾರದ ಸಂಜೆಗಳು ಹಿಡಿದವು. ಸಿಗ್ನಲ್ ಮೀಟರಿನ ಅಳತೆಗೆ ನಂಬಬಹುದಾದ ಸಿಗ್ನಲ್ ಜನರೇಟರ್ ನಮ್ಮಲ್ಲಿರಲಿಲ್ಲ, ಅದು ಇಂದಿಗೂ ಅಂದಾಜಿನದು. ಎಫ್.ಎಂ. ವಿಚಲನೆಯನ್ನು ಸರಿಯಾಗಿ ಹೊಂದಿಸಲು ಸಾಧ್ಯವಾಗದೆ ಆ ವಿಧಾನವನ್ನು ಬಳಸದಿರಲು ನಿರ್ಧರಿಸಲಾಯಿತು.

ಈ ಪ್ರಕರಣದಿಂದ ತಿಳಿಯುವುದು

ಹೊಸ ಸೆಟ್‌ಗಳನ್ನು ಮಾರ್ಪಡಿಸಲಾಗದು ಎಂಬ ದೂರನ್ನು ಹಳಬರಿಂದ ಆಗಾಗ ಕೇಳುತ್ತೇವೆ. ಈ ಪ್ರಕರಣ ಅದಕ್ಕೆ ವಿರುದ್ಧವಾದದ್ದನ್ನು ತೋರಿಸುತ್ತದೆ: ಹೊಸ ಸೆಟ್ ಮಾರ್ಪಾಡಿಗೆ ತೀರಾ ಸುಲಭ, ಆದರೆ ಹಿಂದಿರುಗುವ ದಾರಿ ಕಣ್ಣಿಗೆ ಕಾಣದು. ಹಳೆಯ ತಯಾರಿಕೆಯಲ್ಲಿ ಪ್ರತಿ ಸೆಟ್ಟಿನ ವ್ಯತ್ಯಾಸವನ್ನು ಒಬ್ಬ ಕೆಲಸಗಾರ ತಿರುಪು ತಿರುಗಿಸಿ ಸರಿಪಡಿಸುತ್ತಿದ್ದ. ಆ ತಿದ್ದುಪಡಿ ಮೇಣದಡಿಯಲ್ಲಿ ಕೋನವಾಗಿ ಉಳಿಯುತ್ತಿತ್ತು, ಅದನ್ನು ನೋಡಿ ಚಿತ್ರ ಬರೆಯಬಹುದಿತ್ತು. ಇಂದಿನ ತಯಾರಿಕೆಯಲ್ಲಿ ಪರೀಕ್ಷಾ ಯಂತ್ರ ಅದೇ ತಿದ್ದುಪಡಿಯನ್ನು ನೆನಪಿನ ಚಿಪ್ಪಿನಲ್ಲಿ ಸಂಖ್ಯೆಯಾಗಿ ಬರೆಯುತ್ತದೆ. ಆ ಸಂಖ್ಯೆಯನ್ನು ಮುಟ್ಟಿದವನು, ಅರಿತೋ ಅರಿಯದೆಯೋ, ಕಾರ್ಖಾನೆಯ ಕೊನೆಯ ಮೇಜಿನ ಕೆಲಸವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ, ಆ ಮೇಜಿನ ಮೇಲಿದ್ದ ಉಪಕರಣಗಳು ಮಾತ್ರ ಅವನ ಬಳಿ ಇರುವುದಿಲ್ಲ. ಗುಪ್ತ ಮೆನುವಿನ ಎಲ್ಲ ಪುಟಗಳ ಫೋಟೊ ತೆಗೆಯಲು ಹುಡುಗನಿಗೆ ಹತ್ತು ನಿಮಿಷ ಸಾಕಾಗುತ್ತಿತ್ತು.

ರಾಯರ ಶಿಸ್ತನ್ನೂ ಅತಿಯಾಗಿ ಹೊಗಳುವ ಹಾಗಿಲ್ಲ. ನೋಟ್‌ಬುಕ್ಕಿನ ಪೂರ್ವಸ್ಥಿತಿಯಲ್ಲಿ ವೋಲ್ಟೇಜ್ ಇತ್ತು, ಕರೆಂಟು ಇತ್ತು, ತಿರುಪಿನ ಚಿತ್ರವಿತ್ತು. ಹಾರ್ಮೋನಿಕ್‌ನ ಒಂದು ಸಾಲೂ ಇರಲಿಲ್ಲ. ಸತ್ತ ಫೈನಲ್ ಇದ್ದುದರಿಂದ ಮೊದಲೇ ಅಳೆಯುವಂತಿರಲಿಲ್ಲ ನಿಜ, ಆದರೆ ಫೈನಲ್ ಬದಲಿಸಿದ ದಿನವೇ ಅಳೆಯಬಹುದಿತ್ತು. ಅನಲೈಸರ್ ನನ್ನ ಚೀಲದಲ್ಲೇ ಇತ್ತು. ನಾವು ವ್ಯಾಟ್ ಏರುವುದನ್ನೇ ನೋಡುತ್ತ ಕುಳಿತಿದ್ದೆವು, ಹುಡುಗ ತನ್ನ ಮನೆಯಲ್ಲಿ ಮಾಡುತ್ತಿದ್ದದ್ದೂ ಅದನ್ನೇ.

ಭಾಗಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತಯಾರಿಕೆ ನಿಂತ ಆರ್.ಎಫ್. ಟ್ರಾನ್ಸಿಸ್ಟರ್ ಎಲ್ಲಾದರೂ ಹೊಳೆಯುವ ಹೊಸ ಮುಖದೊಂದಿಗೆ ಸಿಕ್ಕರೆ, ಅದು ನಕಲಿ ಎಂದೇ ಹಿಡಿದು ಮುಂದುವರಿಯಬೇಕು. ಒಂದನ್ನು ಸೀಳಿ ನೋಡುವ ನಷ್ಟ, ಸೆಟ್ಟಿನ ಉಳಿದ ಭಾಗಗಳನ್ನು ಸುಡುವ ನಷ್ಟಕ್ಕಿಂತ ಕಡಿಮೆ. ಡಿ.ಸಿ. ಟೆಸ್ಟರ್‌ನ ಸರ್ಟಿಫಿಕೇಟನ್ನು ನಾನು ಈಗ ಯಾರಿಗೂ ಕೊಡುವುದಿಲ್ಲ.

ಹಳೆಯ ಸೆಟ್ ಈಗ ರಾಯರ ಕಿಟಕಿಯ ಪಕ್ಕದಲ್ಲಿದೆ. ಅಪಾರ್ಟ್‌ಮೆಂಟ್‌ಗಳ ಎಲ್.ಇ.ಡಿ. ದೀಪ ಮತ್ತು ಇನ್ವರ್ಟರ್‌ಗಳ ಗದ್ದಲ ತಗ್ಗಿರುವ ಬೆಳಗಿನ ಹೊತ್ತಿನಲ್ಲಿ ಅವರು ಅದರಲ್ಲಿ ಮಾತಾಡುತ್ತಾರೆ. ಅದರ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದಾರೆ: ಫೈನಲ್ ಯಾವುದು, ಯಾವ ಎರಡು ದಾರಿ ಕತ್ತರಿಸಿದೆ, ಯಾವ ಕಪ್ಯಾಸಿಟರ್‌ನ ಕಾಲು ಎತ್ತಿದೆ, ಕಾಗೆಬಂಗಾರ ಏಕೆ ಇಲ್ಲ, ಫಿಲ್ಟರ್ ತೆಗೆದು ಪ್ರಸಾರ ಮಾಡಬಾರದು. ಹೊಸ ಸೆಟ್ಟಿನ ಮುಚ್ಚಳದಲ್ಲಿಯೂ ಈಗ ಒಂದು ಚೀಟಿ ಇದೆ, ಹುಡುಗನ ಅಕ್ಷರದಲ್ಲಿ. ಅದರ ತುಂಬ ಬರೀ ಸಂಖ್ಯೆಗಳು, ಮೂಲೆಯಲ್ಲಿ ಅಳೆದ ದಿನಾಂಕ.